ಹಾಲ್ ನೆಲ ನಮ್ಮ ಕೆಲಸದಲ್ಲಿ ಇರಲೇ ಇಲ್ಲ

ಕ್ಲೇಮ್ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ನಮ್ಮ ಲಯಬಿಲಿಟಿ ಪಾಲಿಸಿಯ (ನಮ್ಮ ಕೆಲಸದಿಂದ ಬೇರೆಯವರಿಗೆ ಹಾನಿಯಾದರೆ ತುಂಬಿಕೊಡುವ ವಿಮೆ) ಕ್ಲೇಮ್ ತಿರಸ್ಕರಿಸಿದ ಬಗ್ಗೆ

ಮಾನ್ಯರೇ,

ನಾಲ್ಕು ಜನ ಸೇರಿ ನಡೆಸುವ ಸಣ್ಣ ಕ್ಲೀನಿಂಗ್ ಸೇವೆ ನಮ್ಮದು. ಆರು ಸಲ ಫೋನ್ ಮಾಡಿದೆ, ಮೂರು ಮೇಲ್ ಕಳಿಸಿದೆ. ಇನ್ನು ಫೋನ್ ಮಾಡುವುದಿಲ್ಲ.

ನಡೆದದ್ದು ಇಷ್ಟು. ಗ್ರಾಹಕರೊಬ್ಬರ ಮನೆಯ ಎರಡು ಬಾತ್‌ರೂಮ್ ತೊಳೆಯುವ ಕೆಲಸ ಬಂದಿತ್ತು. ಒಂದು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ನಮ್ಮ ಹುಡುಗನ ಕೈಯಿಂದ ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬಾಟಲಿ ಹಾಲ್‌ನಲ್ಲಿ ಜಾರಿ ಬಿತ್ತು. ಅಲ್ಲಿದ್ದದ್ದು ಮಾರ್ಬಲ್. ಮಾರ್ಬಲ್ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಆ್ಯಸಿಡ್ ತಾಗಿದರೆ ಕಲ್ಲೇ ಕರಗುತ್ತದೆ. ಹೊಳಪು ಹೋಗಿ ಬಿಳಿ ಮಚ್ಚೆ ಉಳಿಯಿತು. ಒರೆಸಿದರೆ ಹೋಗುವ ಕಲೆ ಅಲ್ಲ ಅದು, ಪಾಲಿಶ್‌ನವರೇ ಬರಬೇಕು.

ಇಂಥ ಅಚಾತುರ್ಯಕ್ಕೇ ಅಲ್ವಾ ವಿಮೆ ಮಾಡಿಸುವುದು?

ಯಾವ ವಸ್ತುವಿನ ಮೇಲೆ ಕೆಲಸ ನಡೆಯುತ್ತಿದೆಯೋ ಅದಕ್ಕೇ ಆದ ಹಾನಿಗೆ ಕವರ್ ಇಲ್ಲ ಎಂದು ನೀವು ಕ್ಲೇಮ್ ತಳ್ಳಿಹಾಕಿದ್ದೀರಿ. ಈ ಷರತ್ತು ನನಗೂ ಗೊತ್ತು. ಸೋಫಾ ತೊಳೆಯುವಾಗ ಸೋಫಾನೇ ಹಾಳಾದರೆ ನೀವು ಕೊಡುವುದಿಲ್ಲ, ಅದಕ್ಕೆ ಬೇರೆ ಕವರ್ ತೆಗೆದುಕೊಳ್ಳಬೇಕು. ಸರಿ. ಆದರೆ ನಾವು ಒಪ್ಪಿಕೊಂಡಿದ್ದು ಬಾತ್‌ರೂಮ್. ವರ್ಕ್ ಆರ್ಡರ್‌ನಲ್ಲಿ ಹಾಲ್ ಇಲ್ಲ, ಬಿಲ್‌ನಲ್ಲೂ ಇಲ್ಲ. ಎರಡನ್ನೂ ಹಾನಿ ಪರಿಶೀಲಿಸುವ ನಿಮ್ಮ ಸರ್ವೇಯರ್ ಕೈಗೇ ಕೊಟ್ಟಿದ್ದೇನೆ.

ಕಳೆದ ಮಂಗಳವಾರ ಗ್ರಾಹಕರ ಮನೆಯಿಂದಲೇ ನಿಮಗೆ ಫೋನ್ ಮಾಡಿದೆ. ಅವರು ಸ್ಪೀಕರ್ ಹಾಕಿ ಎಂದರು, ಹಾಕಿದೆ. 22 ನಿಮಿಷ ಕಾಯಿಸಿದ ಮೇಲೆ ನಿಮ್ಮ ಅಧಿಕಾರಿ ಬಂದರು. ಪಾಲಿಸಿ ನಂಬರ್ ಕೇಳಿದರು, ಹೇಳಿದೆ. ಮತ್ತೆ ಕೇಳಿದರು, ಮತ್ತೆ ಹೇಳಿದೆ. "ಹಾಲ್‌ನಲ್ಲಿ ಓಡಾಡಿದ್ರಲ್ಲ, ಹಾಗಾದ್ರೆ ಅಲ್ಲೂ ಕೆಲಸ ಮಾಡಿದ ಹಾಗೇ" ಎಂದರು. "ಓಡಾಡಿದ್ರೆ ಕ್ಲೀನ್ ಮಾಡಿದ ಹಾಗೆ ಹೇಗಾಗುತ್ತೆ ಸರ್?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೋಡಿ, ಕಸ ಗುಡಿಸೋರಿಗೆ ಪಾಲಿಸಿ ಭಾಷೆ ಅರ್ಥ ಆಗಲ್ಲ. ಓದಿದವರು ಯಾರಾದ್ರೂ ಇದ್ರೆ ಫೋನ್ ಕೊಡಿ" ಎಂದರು. ಗ್ರಾಹಕರು ಮುಖ ಆ ಕಡೆ ತಿರುಗಿಸಿದರು. ಬಾಟಲಿ ಬೀಳಿಸಿದ ಹುಡುಗ ಬಾಗಿಲ ಹತ್ತಿರವೇ ನಿಂತಿದ್ದ. ಅವತ್ತಿನಿಂದ ಅವನು ಕೆಲಸಕ್ಕೆ ಬಂದಿಲ್ಲ.

ನಾವು ಕಸ ಗುಡಿಸುತ್ತೇವೆ. ಓದುತ್ತೇವೆ ಕೂಡ. ವಿಮಾ ಪತ್ರದ ಮಾತಿಗೆ ಎರಡು ಅರ್ಥ ಬಂದರೆ ಅದನ್ನು ಬರೆದ ಕಂಪನಿಗೆ ವಿರುದ್ಧವಾಗಿ ಓದಬೇಕು ಎನ್ನುವುದು ಕೋರ್ಟ್‌ಗಳು ಹಿಂದಿನಿಂದ ಹೇಳಿಕೊಂಡು ಬಂದ ನಿಯಮ. ಅದು ನಿಮಗೆ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ.

ನಿಮ್ಮ ಒಪ್ಪಿಗೆ ಇಲ್ಲದೆ ಗ್ರಾಹಕರ ಹತ್ತಿರ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡಿನ ಮಾತು ಆಡಬಾರದು ಎನ್ನುವುದೂ ನಿಮ್ಮದೇ ಷರತ್ತು. ಅದಕ್ಕೆ ಕಟ್ಟುಬಿದ್ದು ಏಳು ವಾರ ಬಾಯಿ ಮುಚ್ಚಿಕೊಂಡಿದ್ದೆ. ಅವರಿಗೆ ನಾನು ಜಾರಿಕೊಳ್ಳುವವನ ಹಾಗೆ ಕಂಡೆ. ಆ ಮನೆಯ ಕೆಲಸ ಕೈತಪ್ಪಿತು. ಪ್ರೀಮಿಯಂ ಮಾತ್ರ ಒಂದು ದಿನವೂ ತಡ ಮಾಡಿಲ್ಲ.

15 ದಿನದೊಳಗೆ ಕ್ಲೇಮ್ ಕೊಡಿ. ಇಲ್ಲವೇ, ಹಾಲ್ ನೆಲ ನಮ್ಮ ಕೆಲಸದ ಭಾಗ ಎನ್ನಲು ಏನು ಆಧಾರ ಎಂದು ಬರೆದು ಕೊಡಿ. ಎರಡೂ ಆಗದಿದ್ದರೆ ವಿಮಾ ನಿಯಂತ್ರಕರ ಹತ್ತಿರವೂ ಹೋಗುತ್ತೇನೆ, ಕೋರ್ಟ್‌ಗೂ ಹೋಗುತ್ತೇನೆ. ಕರೆ ರೆಕಾರ್ಡ್ ಆಗುತ್ತಿದೆ ಎಂದು ಶುರುವಿನಲ್ಲೇ ನಿಮ್ಮ ಕಡೆಯಿಂದ ಹೇಳಿದ್ದರು. ಅದನ್ನು ಅಳಿಸಬೇಡಿ. ನ್ಯಾಯಾಧೀಶರ ಮುಂದೆ ಅದನ್ನು ಹಾಕಿಸಲು ಕೇಳುತ್ತೇನೆ. ನಮ್ಮ ಹುಡುಗನನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಪಾಲಿಸಿದಾರ