ಶತಾಯುಷಿಗಳ ಗುಟ್ಟು: ನಗುವಿಗಿಂತ ಅಚ್ಚುಕಟ್ಟುತನ

ಮಾನ್ಯ ಸಂಪಾದಕರೇ,

ನೂರು ತುಂಬಿದ ಹಿರಿಯರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ರಾಗಿಮುದ್ದೆ, ಸೊಪ್ಪಿನ ಸಾರು, ಬೆಳಗಿನ ನಡಿಗೆ ಇವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: ಅಜ್ಜಿ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಂಡವರಲ್ಲ, ಸದಾ ನಗುನಗುತ್ತಾ ಇದ್ದವರು, ಅದೇ ಅವರ ದೀರ್ಘಾಯುಷ್ಯದ ಗುಟ್ಟು. ತಿಪಟೂರಿನಲ್ಲಿ ಮೂವತ್ತು ವರ್ಷಗಳಿಂದ ಔಷಧ ಅಂಗಡಿ ನಡೆಸಿಕೊಂಡು ಬಂದಿರುವ ನನಗೆ ಈ ಮಾತು ಬರಬರುತ್ತಾ ಒಪ್ಪಿತವಾಗದಂತಾಗಿದೆ. ಸ್ವಭಾವಕ್ಕೂ ಆಯುಷ್ಯಕ್ಕೂ ನಂಟು ಇದ್ದೇ ಇದೆ. ಆದರೆ ಅದನ್ನು ನಾವು ಹುಡುಕುತ್ತಿರುವ ಜಾಗ ಸರಿಯಿಲ್ಲ ಎಂದು ನನಗನ್ನಿಸುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ 1,500ಕ್ಕೂ ಹೆಚ್ಚು ಜಾಣ ಮಕ್ಕಳನ್ನು ಆರಿಸಿಕೊಂಡು ಒಂದು ಅಧ್ಯಯನ ಆರಂಭಿಸಿದರು. ಅವರಿಗೆ ಬೇಕಿದ್ದದ್ದು ಬುದ್ಧಿಶಕ್ತಿಯ ವಿಚಾರ. ಯಾರು ಎಷ್ಟು ಕಾಲ ಬದುಕುತ್ತಾರೆ ಎಂಬ ಪ್ರಶ್ನೆ ಆಗ ಯಾರ ಮುಂದೆಯೂ ಇರಲಿಲ್ಲ. ಆದರೂ ಪ್ರತಿಯೊಂದು ಮಗುವಿನ ಗುಣಸ್ವಭಾವ ಎಂಥದ್ದೆಂದು ತಂದೆತಾಯಿ ಮತ್ತು ಶಿಕ್ಷಕರಿಂದ ಅಳೆಸಿ ಬರೆದಿಡಲಾಗಿತ್ತು. 1956ರಲ್ಲಿ ಟರ್ಮನ್ ತೀರಿಕೊಂಡ ನಂತರವೂ ಆ ಕಡತಗಳು ಉಳಿದವು. ಮನೋವಿಜ್ಞಾನಿ ಹೋವರ್ಡ್ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಆ ಮಕ್ಕಳ ಮರಣ ಪ್ರಮಾಣಪತ್ರಗಳನ್ನು ಒಂದೊಂದಾಗಿ ಹುಡುಕಿ ತೆಗೆದು, ಬಾಲ್ಯದ ಆ ಅಂಕಗಳ ಜೊತೆಗಿಟ್ಟು ನೋಡಿ, 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದಾಲೋಚನೆ, ಸತ್ಯಸಂಧತೆ, ಹೊಣೆಯರಿತು ನಡೆಯುವ ಗುಣ, ಬಡಾಯಿಯಿಲ್ಲದ ನಡತೆ ಇದ್ದ ಮಕ್ಕಳು ಹೆಚ್ಚು ಕಾಲ ಬದುಕಿದ್ದರು. ಉಲ್ಲಾಸ ಮತ್ತು ಹಾಸ್ಯಪ್ರವೃತ್ತಿ ಹೆಚ್ಚಾಗಿದ್ದ ಮಕ್ಕಳು ಸರಾಸರಿಯಲ್ಲಿ ಬೇಗ ತೀರಿಕೊಂಡಿದ್ದರು. ಅವರು ದೊಡ್ಡವರಾದಾಗ ಹೆಚ್ಚು ಸಿಗರೇಟು ಸೇದಿದ್ದರು, ಹೆಚ್ಚು ಕುಡಿದಿದ್ದರು, ಅಪಾಯಕ್ಕೆ ಹೆಚ್ಚು ಒಡ್ಡಿಕೊಂಡಿದ್ದರು. ಆ ಮಕ್ಕಳು ಬಹುಮಟ್ಟಿಗೆ ಬಿಳಿಯ ಮಧ್ಯಮವರ್ಗದವರು, ಆದ್ದರಿಂದ ಅವರ ಲೆಕ್ಕವನ್ನು ಹಾಗೆಯೇ ತಂದು ನಮಗೆ ಅನ್ವಯಿಸಲಾಗದು. ಆದರೆ ಬೇರೆ ಬೇರೆ ದೇಶಗಳ 20 ಸಮೂಹಗಳ ಮಾಹಿತಿಯನ್ನು ಒಟ್ಟುಗೂಡಿಸಿ 2008ರಲ್ಲಿ ಮಾಡಿದ ಪರಿಶೀಲನೆಯಲ್ಲಿಯೂ ಹೊಣೆಯರಿತ ಸ್ವಭಾವಕ್ಕೂ ದೀರ್ಘಾಯುಷ್ಯಕ್ಕೂ ಇರುವ ನಂಟು ಕಂಡುಬಂದಿತು.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದವರು ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ತೊಂಬತ್ತು ದಾಟಿದ್ದ ಅವರು ಬಿ.ಪಿ. ಮಾತ್ರೆ ಮುಗಿಯಲು ಇನ್ನೂ ನಾಲ್ಕು ದಿನ ಇರುವಾಗಲೇ ಹಳೆಯ ಸ್ಟ್ರಿಪ್ಪನ್ನು ವೈದ್ಯರ ಚೀಟಿಯೊಳಗೆ ಮಡಿಸಿಟ್ಟುಕೊಂಡು ಬರುತ್ತಿದ್ದರು. ಕನ್ನಡಕ ಸರಿಮಾಡಿಕೊಂಡು ಹೊಸ ಸ್ಟ್ರಿಪ್ಪಿನ ತಾರೀಖು ಓದಿ, ಮಿಲಿಗ್ರಾಂ ನೋಡಿ, ಚಿಲ್ಲರೆ ಎಣಿಸಿಕೊಂಡ ನಂತರವೇ ಮೆಟ್ಟಿಲಿಳಿಯುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅಪರೂಪ. ನನ್ನ ಸೋದರಮಾವ ಇದಕ್ಕೆ ತದ್ವಿರುದ್ಧ. ಅವರು ಬಂದರೆ ಮನೆಯೇ ತುಂಬಿದಂತಾಗುತ್ತಿತ್ತು. "ಏನೂ ಆಗಲ್ಲ ಬಿಡಪ್ಪ" ಎನ್ನುವುದು ಅವರ ಮಾತು. ನಾನೇ ಕೈಗೆ ಕೊಟ್ಟ ಮಾತ್ರೆಗಳನ್ನು ಅವರು ಜೇಬಿಗಿಳಿಸಿ ಮರೆತುಬಿಡುತ್ತಿದ್ದರು. ಐವತ್ತೆಂಟಕ್ಕೆ ಲಕ್ವ ಹೊಡೆದು ಹೋದರು. ಅವರ ಅಂಗಿಯ ಜೇಬಿನಲ್ಲಿ ಒಡೆಯದೆ ಉಳಿದಿದ್ದ ಸ್ಟ್ರಿಪ್ಪನ್ನು ಅತ್ತೆ ನನ್ನ ಕೈಗಿಟ್ಟದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಹಾಗೆಂದು ಉಲ್ಲಾಸಕ್ಕೆ ಬೆಲೆಯೇ ಇಲ್ಲವೆಂದು ಹೇಳುವಂತಿಲ್ಲ. ಅಮೆರಿಕದ 180 ಕ್ರೈಸ್ತ ಸನ್ಯಾಸಿನಿಯರು ಸುಮಾರು 22ನೆಯ ವಯಸ್ಸಿನಲ್ಲಿ ಕೈಯಾರೆ ಬರೆದಿದ್ದ ಆತ್ಮವೃತ್ತಾಂತಗಳನ್ನು ಸಂಶೋಧಕರು ಓದಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂತೋಷ, ಕೃತಜ್ಞತೆ, ಭರವಸೆಗಳನ್ನು ಹೆಚ್ಚಾಗಿ ವ್ಯಕ್ತಪಡಿಸಿದ್ದವರೇ ಹೆಚ್ಚು ಕಾಲ ಬದುಕಿದ್ದರು. ಈ ಎರಡು ಅಧ್ಯಯನಗಳು ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ನನ್ನ ಊಹೆ ಇಷ್ಟು: ಮಠದಲ್ಲಿ ಊಟ, ನಿದ್ದೆ, ಕೆಲಸ, ಪ್ರಾರ್ಥನೆ ಎಲ್ಲವೂ ಗಂಟೆಯ ಸದ್ದಿಗೆ ನಡೆಯುತ್ತವೆ, ಹೊಗೆಸೊಪ್ಪಿಲ್ಲ, ಹೆಂಡವಿಲ್ಲ. ಅಲ್ಲಿ ಶಿಸ್ತು ಎಲ್ಲರಿಗೂ ಸಮಾನವಾಗಿ ಒದಗಿರುವುದರಿಂದ ಉಲ್ಲಾಸವು ಮನುಷ್ಯನನ್ನು ದಾರಿ ತಪ್ಪಿಸುವ ಅವಕಾಶ ಕಡಿಮೆ, ಅದರ ಒಳಿತು ಮಾತ್ರ ಉಳಿಯುತ್ತದೆ. ಹೊರಗಿನ ಬದುಕಿನಲ್ಲಿ ಶಿಸ್ತನ್ನು ಅವರವರೇ ತಂದುಕೊಳ್ಳಬೇಕು.

ನಮ್ಮ ಕಡೆ ದೀರ್ಘಾಯುಷ್ಯದ ಮಾತು ಬಂದರೆ ಮೊದಲು ನೆನಪಾಗುವವರು 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. ನಸುಕಿಗೆ ಮುನ್ನ ಎದ್ದು ಪೂಜೆ ಮುಗಿಸಿ, ಸಾವಿರಾರು ಮಕ್ಕಳ ಊಟಪಾಠದ ಹೊಣೆಯನ್ನು ದಶಕಗಳ ಕಾಲ ಹೊತ್ತ ಅವರ ದಿನಚರಿಯನ್ನು ನಮ್ಮ ಜಿಲ್ಲೆಯವರಿಗೆ ಬೇರೆಯಾಗಿ ಹೇಳಬೇಕಿಲ್ಲ. ನಿಘಂಟಿನ ಕೆಲಸದಲ್ಲಿ ಪದಪದಕ್ಕೂ ಲೆಕ್ಕವಿಟ್ಟ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡಾಗ ಅವರಿಗೆ 107. ಈ ಹೆಸರುಗಳು ನನ್ನ ವಾದಕ್ಕೆ ಅನುಕೂಲವಾಗಿವೆ ಎಂದ ಮಾತ್ರಕ್ಕೆ ಪುರಾವೆಯಾಗಿಬಿಡುವುದಿಲ್ಲ. ಫ್ರಾನ್ಸಿನ ಆರ್ಲ್ ಪಟ್ಟಣದ ಜೀನ್ ಕಾಲ್ಮಾ 122 ವರ್ಷ 164 ದಿನ ಬದುಕಿ 1997ರಲ್ಲಿ ತೀರಿಕೊಂಡರು. ಅವರು ಇಳಿವಯಸ್ಸಿನಲ್ಲಿಯೂ ಸಿಗರೇಟು ಸೇದುತ್ತಿದ್ದವರು. ಬದುಕಿ ಉಳಿದವರನ್ನಷ್ಟೇ ಕೇಳಿದರೆ ಯಾವ ಉತ್ತರವಾದರೂ ಸಿಗುತ್ತದೆ. ಅದೇ ಸ್ವಭಾವವಿದ್ದೂ ಐವತ್ತಕ್ಕೇ ಹೋದವರು ವರದಿಗಾರರಿಗೆ ಸಿಗುವುದಿಲ್ಲ.

ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಇನ್ನೊಂದಿದೆ. ಗಂಡನನ್ನು ಹೃದಯಾಘಾತದಲ್ಲಿ ಕಳೆದುಕೊಂಡ ಹೆಣ್ಣುಮಗಳೊಬ್ಬರು ಈಚೆಗೆ ಅಂಗಡಿಗೆ ಬಂದಿದ್ದಾಗ, "ಎಲ್ಲರೂ ಅವರು ಚಿಂತೆ ಮಾಡಿಯೇ ಸತ್ತರು ಅಂತಾರಣ್ಣ, ನಾನು ಅವರನ್ನ ಖುಷಿಯಾಗಿ ಇಟ್ಟುಕೊಳ್ಳಲಿಲ್ಲವಂತೆ" ಎಂದು ಕಣ್ಣೀರು ಹಾಕಿದರು. ಶತಾಯುಷಿಯ ನಗುವನ್ನು ಕೊಂಡಾಡುವ ಬರಹದ ಇನ್ನೊಂದು ಮಗ್ಗುಲು ಇದು. ಬೇಗ ಹೋದವರದೇ ತಪ್ಪು ಎಂಬಂತಾಗುತ್ತದೆ. ಶಿಸ್ತಿನ ಬಗ್ಗೆ ನಾನು ಆಡಿದ ಮಾತಿಗೂ ಇದೇ ಎಚ್ಚರಿಕೆ ಬೇಕು. ತಿಂಗಳ ಕೊನೆಯಲ್ಲಿ ಹದಿನೈದು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಐದನ್ನೇ ಕತ್ತರಿಸಿ ಕೊಡಿ ಎಂದು ಕೇಳುವವರು ನಮ್ಮಲ್ಲಿ ಬಹಳ. ಆ ಐದು ಮುಗಿದ ಮೇಲೆ ಕೂಲಿಯ ದುಡ್ಡು ಬರುವ ತನಕ ಅವರು ಕಾಣಿಸುವುದಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಅವರು ಮಾತ್ರೆ ತಪ್ಪಿಸಿದವರೆಂದು ದಾಖಲಾಗುತ್ತಾರೆ. ಅದು ಸ್ವಭಾವದ ಉದಾಸೀನವೋ ಜೇಬಿನ ಅಡಚಣೆಯೋ ಎಂಬುದು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುವ ನನಗೆ ಗೊತ್ತು, ಅಂಕಿಅಂಶದ ಪಟ್ಟಿಗೆ ಗೊತ್ತಾಗುವುದು ಕಷ್ಟ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ನಿಮ್ಮ ವರದಿಗಾರರು ನೂರು ತುಂಬಿದವರ ಮನೆಗೆ ಹೋದಾಗ, ಆಯುಷ್ಯದ ಗುಟ್ಟೇನು ಎಂಬ ಪ್ರಶ್ನೆಯ ಜೊತೆಗೆ ಇನ್ನೂ ಕೆಲವನ್ನು ಕೇಳಲಿ: ಅವರ ಒಡಹುಟ್ಟಿದವರು ಎಷ್ಟು ಮಂದಿ, ಅವರೆಲ್ಲ ಯಾವ ವಯಸ್ಸಿನಲ್ಲಿ ಏನಾಗಿ ತೀರಿಕೊಂಡರು, ಇವರಿಗೆ ಹೊತ್ತುಹೊತ್ತಿಗೆ ಮಾತ್ರೆ ಎಣಿಸಿ ಕೊಡುತ್ತಿರುವ ಸೊಸೆಯ ಅಥವಾ ಮಗಳ ಹೆಸರೇನು, ಆಕೆಗೀಗ ವಯಸ್ಸೆಷ್ಟು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಔಷಧ ವ್ಯಾಪಾರಿ, ತಿಪಟೂರು