ಭಾನುವಾರ ಜೀಪ್ ಬ್ರೇಕ್ ಪೈಪ್ ಕೆಲಸ

ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮುಂಚೆ ಹಳೇ ಜೀಪುಗಳ ತುಕ್ಕು ಹಿಡಿದ ಬ್ರೇಕ್ ಪೈಪ್ ಬದಲಿಸೋಣ. ಭಾನುವಾರ ಬೆಳಿಗ್ಗೆ 9ಕ್ಕೆ, ನಮ್ಮ ಶೆಡ್ಡಿನಲ್ಲಿ.

ಬಿಚ್ಚಿದ ಪೈಪ್ ಬಿಸಾಡಬೇಡಿ, ಅದನ್ನೇ ಅಳತೆಗಿಟ್ಟು ಹೊಸದನ್ನು ಬಗ್ಗಿಸಬೇಕು. 3/16 ಇಂಚಿನ ನಿಕಲ್-ತಾಮ್ರದ ಪೈಪ್ ತಂದಿದ್ದೇನೆ. ಎಸಿಗೆ ಹಾಕುವ ಬರೀ ತಾಮ್ರದ ಪೈಪ್ ಬೇಡವೇ ಬೇಡ. ಮೊದಲು ಪೈಪಿಗೆ ನಟ್ ತೂರಿಸಿ, ಆಮೇಲೆ ಡಬಲ್ ಫ್ಲೇರ್ ಮಾಡಿ, ಅಂದರೆ ಪೈಪಿನ ತುದಿ ಅಗಲಿಸಿ ಒಳಕ್ಕೆ ಮಡಚಿ. ಹೋದ ಸಲ ಇದನ್ನು ಮರೆತು ನಾನೇ ಮೂರು ತುದಿ ಕತ್ತರಿಸಿ ಎಸೆದೆ! ಪೈಪಿನೊಳಗಿನ ಏರ್ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆಯಿಂದ.

ಸೀಲ್ ಒಡೆಯದ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ತನ್ನಿ. ಬರುವವರು ಗುರುವಾರದೊಳಗೆ ಗಾಡಿಯ ಮಾಡೆಲ್ ಬರೆದು ತಿಳಿಸಿ. ಸುಮ್ನೆ ಹೆಬ್ಬೆರಳು ತೋರಿಸಿದರೆ ಸಾಲದು, ಪೈಪಿನ ಲೆಕ್ಕ ಹಾಕಬೇಕಲ್ವಾ?