ಸರ್ಕಲ್‌ಗೆ ಹೆಸರು ಆಮೇಲೆ ಇಡೋಣ, ಮೊದಲು ಮಕ್ಕಳ ಡಾಕ್ಟರ್‌ ಹುದ್ದೆ ತುಂಬಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ,

ನಮ್ಮೂರ ಮಕ್ಕಳ ಡಾಕ್ಟ್ರಿಗೆ ಸನ್ಮಾನ ಮಾಡುತ್ತೀರಿ, ಬಸ್ ಸ್ಟ್ಯಾಂಡ್ ಹತ್ತಿರದ ಸರ್ಕಲ್‌ಗೆ ಅವರ ಹೆಸರನ್ನೂ ಇಡುತ್ತೀರಿ ಅಂತ ಕೇಳಿ ಖುಷಿಯಾಯಿತು. ಬ್ಯಾನರ್ ಆಗಲೇ ಬಿದ್ದಿದೆ. ಅದರಲ್ಲಿ ಡಾಕ್ಟ್ರ ಫೋಟೋಗಿಂತ ನಿಮ್ಮ ಫೋಟೋ ದೊಡ್ಡದಿದೆ, ಇರಲಿ, ನಮ್ಮ ಕಡೆ ಪದ್ಧತಿಯೇ ಹಾಗೆ. ನಾನು ಬರೆಯುತ್ತಿರುವುದು ಬ್ಯಾನರ್ ಬಗ್ಗೆ ಅಲ್ಲ.

ನಾನು ಅವರ ದವಾಖಾನೆ ಎದುರಿಗೇ ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಊರಿನ ಹೆಸರು, ಡಾಕ್ಟ್ರ ಹೆಸರು ಎರಡನ್ನೂ ಬರೆಯುವುದಿಲ್ಲ. ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಊರು ಅಂದರೆ ಸಾಕು, ನಿಮಗೆ ಗೊತ್ತಾಗುತ್ತದೆ. ಹೆಸರು ಹಾಕಿದರೆ ಡಾಕ್ಟ್ರು ನನ್ನನ್ನು ಅಂಗಡಿ ಮುಂದೆ ನಿಂತೇ ಬೈಯುತ್ತಾರೆ. ಅವರ ಬಾಯಿ ನಿಮಗೂ ಗೊತ್ತಲ್ವಾ?

ನನ್ನ ತಕರಾರು ಇಷ್ಟೇ. ಆ ಮನುಷ್ಯ ಅಷ್ಟು ಒಳ್ಳೆಯವರಾಗಿದ್ದರಿಂದಲೇ ನಮ್ಮ ತಾಲ್ಲೂಕಿನಲ್ಲಿ ಇಷ್ಟು ವರ್ಷ ಯಾರೂ ಮಕ್ಕಳ ತಜ್ಞರ ಬಗ್ಗೆ ಜೋರಾಗಿ ಕೇಳಲಿಲ್ಲ. ನಾವೂ ಕೇಳಲಿಲ್ಲ, ನಿಮ್ಮ ಹಿಂದಿನವರೂ ಕೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ ಒಬ್ಬರು ಎದ್ದು ಬರುತ್ತಾರೆ ಅಂದಮೇಲೆ ಸರ್ಕಾರಕ್ಕೆ ಏನು ಅವಸರ? ಈಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮೊಣಕಾಲು ನೋವು, ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಮಕ್ಕಳ ಕೈಯಲ್ಲಿ ರಕ್ತನಾಳ ಕಾಣುವುದಿಲ್ಲ ಅಂತ ಅವರೇ ಹೇಳಿ ದವಾಖಾನೆ ಮುಚ್ಚುತ್ತಿದ್ದಾರೆ. ನೀವು ಅದಕ್ಕೆ ಶಾಲು ಹೊದಿಸುತ್ತೀರಿ. ಮರುದಿನ ಕೂಸು ಎತ್ತಿಕೊಂಡು ಬರುವವಳು ಎಲ್ಲಿಗೆ ಹೋಗಬೇಕು?

ಅವರ ಬಗ್ಗೆ ವೇದಿಕೆ ಮೇಲೆ ನೀವು ಏನು ಹೇಳುತ್ತೀರಿ ಅಂತ ಅಂದಾಜಿದೆ. ದೇವರಂಥ ಮನುಷ್ಯ, ಬಡವರ ಬಂಧು. ದಯವಿಟ್ಟು ಹಾಗೆ ಹೇಳಬೇಡಿ. ದೇವರು ಅಂದುಬಿಟ್ಟರೆ ಅವರು ಮಾಡಿದ ಕೆಲಸ ಏನು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಕೆಲಸದ ಬಗ್ಗೆ ಸ್ವಲ್ಪ ಬರೆಯುತ್ತೇನೆ.

ಕಲಬುರಗಿಯಲ್ಲಿ ಎಂಬಿಬಿಎಸ್ ಮಾಡಿದರು, ಹುಬ್ಬಳ್ಳಿಯಲ್ಲಿ ಮಕ್ಕಳ ಡಿಪ್ಲೊಮಾ ಮಾಡಿದರು, ಸರ್ಕಾರಿ ನೌಕರಿ ಹಿಡಿದು ವಾಪಸ್ ಬಂದರು. ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಗಿದ್ದು 1985ರಲ್ಲಿ. ಅದರ ಆಚೀಚೆಯೇ ಇವರ ನೌಕರಿಯೂ ಶುರು. ಆಗ ನಮ್ಮದು ಗುಲಬರ್ಗಾ ಜಿಲ್ಲೆ, ಯಾದಗಿರಿ ಬೇರೆ ಜಿಲ್ಲೆ ಆಗಿದ್ದು 2009ರ ಕೊನೆಗೆ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ನಮ್ಮ ಮೇ ತಿಂಗಳ ಬಿಸಿಲು, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಐಸ್ ತುಂಬಿದ ನೀಲಿ ಡಬ್ಬಿಯನ್ನು ಕಂಡಕ್ಟರ್ ಸೀಟಿನ ಪಕ್ಕ ಇಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಹಳ್ಳಿಗೆ ಹೋಗುತ್ತಿದ್ದರು. ಐಸ್ ಕರಗಿದರೆ ಲಸಿಕೆ ಹಾಕದೆ ವಾಪಸ್ ಬರುತ್ತಿದ್ದರು. ಜನ ಬೈಯುತ್ತಿದ್ದರು, ಬಂದು ಸುಮ್ನೆ ಹೋದ ಅಂತ. ಕೆಟ್ಟ ಲಸಿಕೆ ಹಾಕಿ ರಿಜಿಸ್ಟರ್‌ನಲ್ಲಿ ಟಿಕ್ ಮಾಡುವುದು ಎಷ್ಟು ಸುಲಭವಿತ್ತು ನೋಡಿ.

ಇನ್ನು ಗುಳೆ. ನಮ್ಮ ಜನ ದೀಪಾವಳಿ ಆದಮೇಲೆ ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಹೊರಡುತ್ತಾರೆ, ಮಕ್ಕಳನ್ನೂ ಕಟ್ಟಿಕೊಂಡು. ಯಾವುದೋ ಕಟ್ಟಡದ ಕೆಳಗಿನ ಶೆಡ್ಡಿನಲ್ಲಿ ಮಲಗುವ ಕೂಸಿಗೆ ಒಂಬತ್ತು ತಿಂಗಳ ದಡಾರ ಲಸಿಕೆ ಯಾರು ಹಾಕುತ್ತಾರೆ? ಲಸಿಕೆ ಬರೆದಿಡುವ ತಾಯಿ ಕಾರ್ಡ್ ಕಳೆದಿರುತ್ತದೆ. ಡಾಕ್ಟ್ರು ಅದಕ್ಕೆ ತಮ್ಮದೇ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದರು, ಹಳ್ಳಿ ಪ್ರಕಾರ, ಓಣಿ ಪ್ರಕಾರ. ಯುಗಾದಿಗೆ, ಜಾತ್ರೆಗೆ ಜನ ವಾಪಸ್ ಬರುವ ದಿನ ಅವರಿಗೆ ಬಾಯಿಪಾಠ. ಆ ದಿನಗಳಲ್ಲಿ ಬಸ್ ಸ್ಟ್ಯಾಂಡಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ, ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಸಿಕ್ಕಿತು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟ್ ಬಂತು. ಆ ಸರ್ಟಿಫಿಕೇಟಿನ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ಇಂಥವರು, ಮನೆಮನೆ ತಿರುಗಿದ ಅಂಗನವಾಡಿ ಅಕ್ಕಂದಿರು, ಆಶಾ ಕಾರ್ಯಕರ್ತೆಯರು ಎಷ್ಟು ಜನರೋ. ಅವರ ಯಾರ ಹೆಸರೂ ಯಾವ ಸರ್ಕಲ್‌ಗೂ ಇಲ್ಲ, ಅದು ಬೇರೆ ಮಾತು.

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಕೂಡಲೇ ವಾಂತಿ-ಭೇದಿ. ಇದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಆಗ ನನ್ನ ಮೆಷಿನ್‌ಗೆ ಕೆಲಸ ಜಾಸ್ತಿ. ಡಾಕ್ಟ್ರು ಒಂದು ಚಿತ್ರ ಬರೆದು ಕೊಟ್ಟಿದ್ದರು: ಒಂದು ಲೀಟರ್ ನೀರಿನ ಬಾಟಲಿ, ಪಕ್ಕದಲ್ಲಿ ಒಂದು ಓಆರ್‌ಎಸ್ (ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ) ಪಾಕೀಟು, ನಡುವೆ ಬಾಣದ ಗುರುತು. ಓದಲು ಬರದವರಿಗೂ ತಿಳಿಯಬೇಕು ಅಂತ. ನಮ್ಮ ಹೆಣ್ಣುಮಕ್ಕಳು ಇಡೀ ಪಾಕೀಟನ್ನು ಸಣ್ಣ ಲೋಟದಲ್ಲಿ ಕಲಸಿ ಕೊಡುತ್ತಿದ್ದರು. ಉಪ್ಪು ಹೆಚ್ಚಾಗಿ ಮಗುವಿಗೆ ಇನ್ನೂ ಅಪಾಯ. ಇಲ್ಲವೇ ಪಾಕೀಟು ಉಳಿಸಲು ಒಂದೊಂದು ಚಿಟಿಕೆ ಹಾಕುತ್ತಿದ್ದರು, ಅದರಿಂದ ಏನೂ ಆಗುತ್ತಿರಲಿಲ್ಲ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಸಲೈನ್ ಖಾಲಿಯಾದಾಗ ಡ್ರಮ್ಮುಗಳಲ್ಲಿ ಉಪ್ಪು ಗ್ಲೂಕೋಸ್ ನೀರು ಕಲಸಿಟ್ಟು ಸಾವಿರಾರು ಜನರನ್ನು ಉಳಿಸಿದರು ಅನ್ನುವ ಕತೆಯನ್ನು ನನಗೆ ಹೇಳಿದ್ದೂ ಇವರೇ, ಝೆರಾಕ್ಸ್ ಆಗುವ ತನಕ ಸ್ಟೂಲ್ ಮೇಲೆ ಕೂತು. ನಮ್ಮ ಡಾಕ್ಟ್ರು ಭೇದಿಗೆ ಕೊಡುತ್ತಿದ್ದುದು ಓಆರ್‌ಎಸ್, ಜೊತೆಗೆ ಎರಡು ವಾರ ಜಿಂಕ್ ಮಾತ್ರೆ. ಸೂಜಿ ಇಲ್ಲ.

ಸೂಜಿ ಇಲ್ಲ ಅನ್ನುವುದೇ ದೊಡ್ಡ ಜಗಳ. ಸೂಜಿ ಮಾಡದ ಡಾಕ್ಟರ್ ಎಂಥ ಡಾಕ್ಟರ್ ಅಂತ ನಮ್ಮ ಜನಕ್ಕೆ. ಎದುರು ಅಂಗಡಿಯವನಾದ ನನಗೆ ಒಳಗಿನ ಮಾತು ಕೇಳಿಸುತ್ತಿತ್ತು. "ಯವ್ವಾ, ಕೂಸು ಮುಂಜಾನಿಂದ ಎಷ್ಟು ಸಲ ಉಚ್ಚಿ ಹೊಯ್ದದ? ಅದು ಹೇಳು ಮೊದಲು." ಆಮೇಲೆ, "ಸೂಜಿ ನಿನಗ ಬೇಕೋ, ಕೂಸಿಗಿ ಬೇಕೋ?" ಎಷ್ಟೋ ಜನ ಸಿಟ್ಟು ಮಾಡಿಕೊಂಡು ಪಕ್ಕದ ಓಣಿಯಲ್ಲಿ ಸೂಜಿ ಹಾಕಿಸಿಕೊಂಡು, ಎರಡು ದಿನಕ್ಕೆ ವಾಪಸ್ ಇಲ್ಲಿಗೇ ಬಂದಿದ್ದಾರೆ. ಮೆಡಿಕಲ್ ಅಂಗಡಿಯವರ ಜೊತೆಗೂ ಜಗಳ, ಓಆರ್‌ಎಸ್ ಅಂತ ಹೆಸರು ಹಾಕಿಕೊಂಡ ಸಕ್ಕರೆ ಪಾನಕದ ಡಬ್ಬಿ ಮಾರಬೇಡಿ ಅಂತ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದೇ ವಿಷಯಕ್ಕೆ ಹೋರಾಡಿ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಬಳಸಬಾರದು ಅಂತ ಆದೇಶ ಮಾಡಿದ ದಿನ ನಮ್ಮ ಡಾಕ್ಟ್ರು ಅಂಗಡಿಗೆ ಬಂದು ಆ ಸುದ್ದಿಯನ್ನು ಪ್ರಿಂಟ್ ತೆಗೆಸಿಕೊಂಡು, ಒಂದೊಂದು ಮೆಡಿಕಲ್ ಅಂಗಡಿಗೂ ಹೋಗಿ ಕೊಟ್ಟು ಬಂದರು. ಅವರು ಅಷ್ಟು ನಕ್ಕಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಚೇಳಿನದೂ ಹೇಳಬೇಕು. ನಮ್ಮ ಮನೆ ಗೋಡೆ ಕಲ್ಲಿನವು, ಸಂದಿಯಲ್ಲಿ ಚೇಳು. ಕೆಂಪು ಚೇಳು ಕಡಿದರೆ ದೊಡ್ಡವರು ನೋವು ತಿಂದು ತಡೆದುಕೊಳ್ಳಬಹುದು, ಸಣ್ಣ ಮಗುವಿಗೆ ಹಾಗಲ್ಲ. ಮೈ ಬೆವರುತ್ತದೆ, ಕೈಕಾಲು ತಣ್ಣಗಾಗುತ್ತದೆ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಹಾರಾಷ್ಟ್ರದ ಮಹಾಡ್ ಅನ್ನುವ ಸಣ್ಣ ಊರಿನಲ್ಲಿ ಕೂತು ಡಾ. ಹಿಮ್ಮತರಾವ್ ಬಾವಸ್ಕರ್ ಇದಕ್ಕೆ ದಾರಿ ಹುಡುಕಿದರು. ಬಿಪಿಗೆ ಕೊಡುವ ಪ್ರಾಜೋಸಿನ್ ಅನ್ನುವ ಅಗ್ಗದ ಮಾತ್ರೆಯನ್ನು ಬೇಗ ಕೊಟ್ಟರೆ ಸಾವು ತಪ್ಪುತ್ತದೆ ಅಂತ 1980ರ ದಶಕದಲ್ಲೇ ತೋರಿಸಿದರು, ಅದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, 2022ರಲ್ಲಿ ಅವರಿಗೆ ಪದ್ಮಶ್ರೀಯೂ ಬಂತು. ನಮ್ಮ ಡಾಕ್ಟ್ರ ಮೇಜಿನ ಡ್ರಾಯರ್‌ನಲ್ಲಿ ಆ ಮಾತ್ರೆ ಯಾವಾಗಲೂ ಇರುತ್ತಿತ್ತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಹುಡುಗ ಡಾಕ್ಟರುಗಳಿಗೆ ಫೋನಿನಲ್ಲೇ ತೂಕ ಕೇಳಿ ಡೋಸ್ ಹೇಳುತ್ತಿದ್ದರು. ಅವರ ನಂಬರ್ ಬಂದ್ ಆದಮೇಲೆ ಆ ಹುಡುಗರು ಯಾರನ್ನು ಕೇಳಬೇಕು, ಹೇಳಿ.

ಊಟದ ವಿಷಯಕ್ಕೆ ಬಂದರೆ ಅವರದು ಒಂದೇ ಪ್ರಿಸ್ಕ್ರಿಪ್ಷನ್: "ದಿನಾ ಒಂದು ತತ್ತಿ ತಿನಸು." 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ವಾ? ತಿನ್ನದವರಿಗೆ ಬಾಳೆಹಣ್ಣು ಇತ್ತು, ಆದರೂ ಗಲಾಟೆ. ಡಾಕ್ಟ್ರು ಸ್ವತಃ ಮೊಟ್ಟೆ ಮುಟ್ಟದ ಮನೆಯವರು. ಆದರೂ ತಿನ್ನುವ ಮಕ್ಕಳ ಬಾಯಿಂದ ಕಿತ್ತುಕೊಳ್ಳಲು ನೀವ್ಯಾರು ಅಂತ ತಮ್ಮ ಕಡೆಯವರನ್ನೇ ಕೇಳಿದರು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ರಾಜ್ಯದಲ್ಲಿ ತೀರಾ ಹೆಚ್ಚಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ತೊಗರಿ ಬೆಳೆಯುವ ನಾಡು ಇದು, ಅದೇ ತೊಗರಿ ಕೊಯ್ಯುವವರ ಮಕ್ಕಳ ತಟ್ಟೆಯಲ್ಲಿ ಬೇಳೆ ಕಾಣುವುದಿಲ್ಲ.

ಇದನ್ನೆಲ್ಲ ಒಬ್ಬರೇ ಮಾಡಿದರು ಅಂತಲ್ಲ. ಮನೆಯ ಬಾಗಿಲು ತೆಗೆಯುತ್ತಿದ್ದವರು ಅಮ್ಮಾವ್ರು, ಅಂದರೆ ಡಾಕ್ಟ್ರ ಹೆಂಡತಿ. ರಾತ್ರಿ ಬಂದವರನ್ನು ಕೂರಿಸಿ, ಕೂಸು ಹಾಲು ಕುಡಿಯಿತಾ, ಅಳುತ್ತಾ, ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತಾ ಅಂತ ಕೇಳಿ, ಯಾವ ಮಗುವಿಗೆ ಡಾಕ್ಟ್ರನ್ನು ತಕ್ಷಣ ಎಬ್ಬಿಸಬೇಕು, ಯಾವುದು ಐದು ನಿಮಿಷ ತಾಳುತ್ತದೆ ಅಂತ ಅವರೇ ನಿರ್ಧರಿಸುತ್ತಿದ್ದರು. ಒಂದು ರೂಪಾಯಿ ಸಂಬಳ ಇಲ್ಲದ ನರ್ಸ್. ನಿಮ್ಮ ಬ್ಯಾನರ್‌ನಲ್ಲಿ ಅವರ ಫೋಟೋ ಇಲ್ಲ.

ಈಗ ಮುಖ್ಯ ವಿಷಯ. ಡಾಕ್ಟ್ರು ಅರವತ್ತಕ್ಕೆ ಸರ್ಕಾರಿ ನೌಕರಿಯಿಂದ ನಿವೃತ್ತರಾದರು. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಮಕ್ಕಳ ತಜ್ಞರು ಬಂದಿಲ್ಲ ಅಂತಲ್ಲ. ಬಂದರು, ಹೋದರು. ಒಬ್ಬರು ಗುತ್ತಿಗೆ ಮೇಲೆ, ಒಬ್ಬರು ಡೆಪ್ಯುಟೇಷನ್ ಮೇಲೆ. ಹೋಗುವಾಗ ರಿಲೀವಿಂಗ್ ಆರ್ಡರ್ ಝೆರಾಕ್ಸ್ ಮಾಡಿಸಲು ನನ್ನ ಅಂಗಡಿಗೇ ಬರುತ್ತಾರೆ, ಹಾಗಾಗಿ ಲೆಕ್ಕ ನನಗೆ ಗೊತ್ತು. ಯಾಕೆ ಸರ್ ಹೋಗ್ತೀರಿ ಅಂತ ಕೇಳಿದ್ದೇನೆ. ಯಾರೂ ಊರು ಕೆಟ್ಟದ್ದು ಅನ್ನಲಿಲ್ಲ. ಒಬ್ಬನೇ ಇದ್ದರೆ 24 ಗಂಟೆಯೂ ನನ್ನದೇ ಡ್ಯೂಟಿ, ರಜೆ ಹಾಕಿದ ದಿನ ಮಗು ಸತ್ತರೆ ಜನ ನನ್ನನ್ನೇ ಹೊಡೆಯುತ್ತಾರೆ ಅಂದರು ಒಬ್ಬರು. ಕ್ವಾರ್ಟರ್ಸ್ ಸೋರುತ್ತದೆ ಅಂದರು ಇನ್ನೊಬ್ಬರು. ಮತ್ತೊಬ್ಬರು, ನವಜಾತ ಶಿಶುಗಳ ಕೆಲಸ ಕಲಿಸಿ ತಯಾರು ಮಾಡಿದ ನರ್ಸನ್ನು ಬೇರೆ ವಾರ್ಡಿಗೆ ಹಾಕಿಬಿಟ್ಟರು, ಇನ್ನು ಯಾರಿಗೆ ಅಂತ ಕಲಿಸಲಿ ಅಂದರು. ಇದರಲ್ಲಿ ದುರಾಸೆ ಎಲ್ಲಿದೆ? ನಮ್ಮ ಡಾಕ್ಟ್ರಂಥ ಹಟಮಾರಿ ಇನ್ನೊಬ್ಬ ಹುಟ್ಟಿ ಬರಲಿ ಅಂತ ಕಾಯುವುದು ಆಡಳಿತ ಅಲ್ಲ ಸರ್.

ಯಾದಗಿರಿಗೆ ಕಳಿಸಬಹುದಲ್ಲ, ಕಲಬುರಗಿಗೆ ಕಳಿಸಬಹುದಲ್ಲ, 108 ಇದೆಯಲ್ಲ ಅಂತ ನಿಮ್ಮ ಕಡೆಯವರು ಹೇಳುತ್ತಾರೆ. 2008ರಿಂದ 108 ಓಡುತ್ತಿದೆ, ಅದರಿಂದ ಉಪಕಾರ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹುಟ್ಟಿದ ಮಗು ಅಳದಿದ್ದರೆ ಮೊದಲ ಒಂದು ನಿಮಿಷದೊಳಗೆ ಅದು ಉಸಿರಾಡಬೇಕು. ಇಲ್ಲವಾದರೆ ಯಾರಾದರೂ ಅಲ್ಲೇ ನಿಂತು ಆಂಬು ಬ್ಯಾಗಿನಿಂದ, ಅಂದರೆ ಕೈಯಲ್ಲಿ ಒತ್ತುವ ಗಾಳಿ ಚೀಲದಿಂದ, ಉಸಿರು ಕೊಡಬೇಕು. ಆ ನಿಮಿಷ ಹೆರಿಗೆ ಕೋಣೆಯಲ್ಲೇ ಕಳೆದುಹೋಗುತ್ತದೆ, ಆಂಬುಲೆನ್ಸ್ ಸ್ಟಾರ್ಟ್ ಆಗುವುದಕ್ಕೂ ಮುಂಚೆ. ಯಾದಗಿರಿಯಿಂದ ಕಲಬುರಗಿ ಸುಮಾರು 80 ಕಿಲೋಮೀಟರ್, ನಮ್ಮ ಊರಿನಿಂದ ಯಾದಗಿರಿ ಮತ್ತೆ ಬೇರೆ. ದಾರಿಯಲ್ಲಿ ಮೈ ತಣ್ಣಗಾದರೆ ಒಂದೂವರೆ ಕೆಜಿ ಕೂಸು ಬದುಕುವುದಿಲ್ಲ. ಡಾಕ್ಟ್ರು ಕೂಸನ್ನು ತಾಯಿಯ ಎದೆಗೆ ಬರಿ ಮೈಯಲ್ಲಿ ಕಟ್ಟಿ ಕಳಿಸುತ್ತಿದ್ದರು, ಕಾಂಗರೂ ಥರ. ತಾಯಿಗೆ ಎಚ್ಚರ ಇಲ್ಲದಿದ್ದರೆ ಅಪ್ಪನ ಎದೆಗೆ, ಅವನು ನಾಚಿಕೊಂಡರೂ ಬಿಡದೆ.

ಹಾಗಾಗಿ ಕೇಳುತ್ತಿದ್ದೇನೆ. ಒಬ್ಬರಲ್ಲ, ಇಬ್ಬರು ಮಕ್ಕಳ ತಜ್ಞರು ಬೇಕು, ಪಾಳಿಯಲ್ಲಿ ಕೆಲಸ ಮಾಡುವ ಹಾಗೆ. ಜೊತೆಗೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು ಇಲ್ಲದಿದ್ದರೆ ಇಬ್ಬರು ಬಂದೂ ಉಪಯೋಗ ಕಡಿಮೆ. ಬೀದರ, ಕಲಬುರಗಿ, ಯಾದಗಿರಿ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ಬಂದಮೇಲೆ ನಮ್ಮ ಭಾಗದ ಮಕ್ಕಳೇ ಎಷ್ಟೋ ಜನ ಡಾಕ್ಟರ್ ಆಗುತ್ತಿದ್ದಾರೆ. ಎಂಬಿಬಿಎಸ್ ಆದಮೇಲೆ ಪಿಜಿ ಓದುವ ಡಾಕ್ಟರುಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು ಅನ್ನುವ ನಿಯಮ ಇದೆ. ಅದರಲ್ಲಿ ಸ್ವಲ್ಪ ದಿನ ತಾಲ್ಲೂಕಿಗೆ ಕಳಿಸಿ ಅಂತ ನೀವು ಸದನದಲ್ಲಿ ಎದ್ದು ಕೇಳಬಾರದಾ? ನವಜಾತ ಶಿಶುಗಳ ಕೋಣೆಗೆ ತರಬೇತಿ ಕೊಟ್ಟ ನರ್ಸುಗಳನ್ನು ಕನಿಷ್ಠ ಕೆಲವು ವರ್ಷ ಅಲುಗಾಡಿಸಬೇಡಿ ಅಂತ ಒಂದು ಪತ್ರ ಬರೆಯಬಾರದಾ? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಸಮುದಾಯ ಭವನ ಏಳುತ್ತದೆ. ಅದೇ ದುಡ್ಡಿನಲ್ಲಿ ಸೋರದ ಎರಡು ಕ್ವಾರ್ಟರ್ಸ್ ಯಾಕೆ ಏಳಬಾರದು?

ಉತ್ತರ ಎಲ್ಲರಿಗೂ ಕಾಣುವ ಹಾಗೆ ಕೊಡಿ, ಪಿಎ ಕಡೆಯಿಂದ ಫೋನ್ ಮಾಡಿಸಬೇಡಿ. ಮಕ್ಕಳ ತಜ್ಞರ ಹುದ್ದೆ ಎಷ್ಟು ಮಂಜೂರಾಗಿದೆ, ಈಗ ಯಾರಿದ್ದಾರೆ, ಖಾಲಿ ಇರುವುದನ್ನು ಯಾವ ತಿಂಗಳಿಗೆ ತುಂಬಿಸುತ್ತೀರಿ, ಇಷ್ಟು ಬರೆದರೆ ಸಾಕು. ನಿಮ್ಮ ಉತ್ತರವನ್ನು ನಾನೇ ಕಾಪಿ ತೆಗೆದು ಊರಿಗೆಲ್ಲ ಹಂಚುತ್ತೇನೆ, ದುಡ್ಡು ಕೇಳುವುದಿಲ್ಲ.

ಇಂತಿ,
ದವಾಖಾನೆ ಎದುರಿನ ಝೆರಾಕ್ಸ್ ಅಂಗಡಿಯವನು, ನಿಮ್ಮ ಮತದಾರ